ಅರಿಶಿನಕ್ಕೆ ಹೆದರದ ಅಕ್ಷರ

ಯೋಗಾನರಸಿಂಹ ಜೋಯಿಸರ ಬಲಗೈ ನಡುಗುತ್ತದೆ ಎನ್ನುವುದು ಹೊಳೆನರಸೀಪುರದ ದೇವಸ್ಥಾನದ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಯಾರಿಗೂ ಗೊತ್ತಿಲ್ಲ ಎಂದು ನಂಬಿದ್ದವರು ಜೋಯಿಸರೊಬ್ಬರೇ. ತೀರ್ಥ ಕೊಡುವಾಗ ಎಡಗೈಯನ್ನು ಬಲ ಮಣಿಕಟ್ಟಿನ ಕೆಳಗೆ ಆನಿಸಿಕೊಳ್ಳುತ್ತಿದ್ದರು. ನೋಡಿದವರು ಅದೂ ಒಂದು ಕ್ರಮವಿರಬೇಕು ಅಂದುಕೊಳ್ಳಲಿ ಎಂಬ ಹಾಗೆ. ಹೆಂಡತಿ ಸರಸಮ್ಮ ಕಾಫಿ ಲೋಟವನ್ನು ಮುಕ್ಕಾಲು ಮಾತ್ರ ತುಂಬಿಸಿ ಕೊಡುತ್ತಿದ್ದರು. ಕೇಳಿದರೆ ಕಾಫಿಪುಡಿ ತುಟ್ಟಿಯಾಗಿದೆ ಅನ್ನುತ್ತಿದ್ದರು. ಜೋಯಿಸರು ನಂಬಿದ ಹಾಗೆ ಮಾಡುತ್ತಿದ್ದರು. ಅಷ್ಟು ವರ್ಷ ಸಂಸಾರ ಮಾಡಿದ ಮೇಲೆ ಇಷ್ಟು ನಾಟಕವೂ ಬರದಿದ್ದರೆ ಹೇಗೆ?

ತೀರ್ಥ, ಕಾಫಿ ಹೇಗೋ ನಡೆಯುತ್ತಿದ್ದವು. ನಡೆಯದೆ ಹೋದದ್ದು ಬರವಣಿಗೆ. ಅಪ್ಪನ ಕಾಲದಿಂದಲೂ ಈ ಮನೆಯದು ಲಗ್ನಪತ್ರಿಕೆಯ ಕೆಲಸ. ಸುತ್ತಲ ಹಳ್ಳಿಗಳಲ್ಲಿ ಹೆಣ್ಣು ಗಂಡು ಒಪ್ಪಿಗೆಯಾದ ಮೇಲೆ ಜೋಯಿಸರನ್ನು ಕರೆಸಿ ಲಗ್ನ ಕಟ್ಟಿಸುತ್ತಾರೆ. ಮುಹೂರ್ತ, ವಧೂವರರ ಹೆಸರು, ಹಿರಿಯರ ಹೆಸರು ಎಲ್ಲ ಹಾಳೆಯ ಮೇಲೆ ಮೂಡಿಸಿ, ನೀರಲ್ಲಿ ಕಲಸಿದ ಅರಿಶಿನವನ್ನು ನಾಲ್ಕು ಮೂಲೆಗೂ ಹಚ್ಚಿ, ಸಭೆಯೆದುರು ಗಟ್ಟಿಯಾಗಿ ಓದಬೇಕು. ಆಮೇಲೆ ತಾಂಬೂಲದ ತಟ್ಟೆಯಲ್ಲಿಟ್ಟು ಎರಡು ಕಡೆಯವರಿಗೂ ಒಂದೊಂದು ಪ್ರತಿ ಕೊಟ್ಟರೆ ಮಾತು ಗಟ್ಟಿಯಾದ ಹಾಗೆ. ಯೋಗಾನರಸಿಂಹ ಜೋಯಿಸರ ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ ಎಂದು ಅರಕಲಗೂಡಿನವರೆಗೂ ಹೆಸರಿತ್ತು.

ಅದೇ ಅರಕಲಗೂಡಿನಲ್ಲಿ ಆ ಹೆಸರಿಗೆ ಪೆಟ್ಟು ಬಿತ್ತು. ಒಂದು ಲಗ್ನದಲ್ಲಿ ತಾವೇ ಬರೆದ ಪತ್ರಿಕೆಯನ್ನು ಓದುವಾಗ ಜೋಯಿಸರು ಸೊಟ್ಟಗಾದ ತಮ್ಮದೇ ಅಕ್ಷರ ತಿಳಿಯದೆ ಒಂದು ಸಾಲಿನಲ್ಲಿ ತಡವರಿಸಿದರು. ಗಂಡಿನ ಕಡೆಯ ಪುರೋಹಿತ, ವಯಸ್ಸಿನಲ್ಲಿ ಮಗನಂಥವನು, "ಕೊಡಿ ಇಲ್ಲಿ" ಅಂತ ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ಆಚೀಚೆ ತಿರುಗಿಸಿ ಓದಿ ಮುಗಿಸಿದ. ಅವನು ಕೆಟ್ಟವನೇನಲ್ಲ, ಸಹಾಯವನ್ನೇ ಮಾಡಿದ. ಆದರೆ ಹಾಳೆ ಹೋದ ಮೇಲೆ ಬರಿದಾದ ಕೈಯನ್ನು ಎಲ್ಲಿಡಬೇಕೆಂದು ಜೋಯಿಸರಿಗೆ ತಿಳಿಯಲಿಲ್ಲ. ಮನೆಗೆ ಬಂದವರು ಜಗುಲಿಯಲ್ಲೇ ಕೂತು, "ಇನ್ನು ಲಗ್ನಪತ್ರಿಕೆ ಸಾಕು ಕಣೇ" ಅಂದರು.

ಸರಸಮ್ಮನಿಗೆ ಭಯವಾಯಿತು. ದಕ್ಷಿಣೆ ತಪ್ಪುತ್ತದೆಂಬ ಭಯವಲ್ಲ. ಮಗ ಕೇದಾರ ದಿನಾ ಹಾಸನಕ್ಕೆ ಹೋಗಿ ಬಂದು ದುಡಿಯುತ್ತಿದ್ದ, ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಈ ಮನುಷ್ಯ ಹುಟ್ಟಿದಾಗಿನಿಂದ ಯಾರದೋ ಮನೆಯ ಶುಭಕ್ಕೆ ಬೇಕಾದವರಾಗಿ ಬದುಕಿದವರು. ಬೇಡವಾದವರಾಗಿ ಬದುಕುವುದು ಹೇಗೆಂದು ಅವರಿಗೆ ಗೊತ್ತೇ ಇರಲಿಲ್ಲ, ಈ ವಯಸ್ಸಿನಲ್ಲಿ ಕಲಿಯುವುದೂ ಅವರಿಂದಾಗುತ್ತಿರಲಿಲ್ಲ.

ದಾರಿ ತೋರಿಸಿದವಳು ಸೊಸೆ ಆರತಿ. ಅವಳು ಮದುವೆಗೆ ಮುಂಚೆಯೇ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಕನ್ನಡ ಬೆರಳಚ್ಚು ಕಲಿತಿದ್ದಳು.

"ಮಾವ, ನೀವು ಹೇಳ್ತಾ ಹೋಗಿ, ನಾನು ಕಂಪ್ಯೂಟರಲ್ಲಿ ಹೊಡೀತೀನಿ. ಪ್ರಿಂಟ್ ತೆಗೆದರೆ ಆಯ್ತು."

"ಇನ್ನೊಬ್ಬರು ಮಾಡಿದ್ದನ್ನ ನಂದು ಅಂತ ಕೊಡ್ಲಾ?" ಅಂದರು ಜೋಯಿಸರು.

ಅಡುಗೆಮನೆಯಿಂದ ಸರಸಮ್ಮನ ಉತ್ತರ ಬಂತು. "ಸಂಕಲ್ಪ ಮಾಡೋರು ಯಜಮಾನರು, ಹೋಮಕ್ಕೆ ತುಪ್ಪ ಬಿಡೋರು ನೀವು. ಆ ಪುಣ್ಯ ನಂದು ಅಂತ ಯಾವತ್ತಾದ್ರೂ ಜಗಳ ಆಡಿದೀರಾ? ಇದೂ ಹಾಗೇ. ಹೇಳೋರು ನೀವು, ತುಪ್ಪ ಬಿಡೋದು ಯಂತ್ರ."

ಶಾಸ್ತ್ರದಲ್ಲಿ ಹೆಂಡತಿ ಗೆದ್ದಾಗ ಜೋಯಿಸರು ನಶ್ಯದ ಡಬ್ಬಿ ಹುಡುಕುವುದು ವಾಡಿಕೆ. ಅವತ್ತೂ ಹುಡುಕಿದರು.

ಪ್ರಿಂಟರ್ ಮನೆಯಲ್ಲೇ ಇತ್ತು. ಕೇದಾರ ಕಂಪ್ಯೂಟರ್ ಕೊಂಡಾಗ ದೀಪಾವಳಿ ಆಫರಿನಲ್ಲಿ ಪುಕ್ಕಟೆ ಬಂದ ಬಣ್ಣದ ಪ್ರಿಂಟರ್. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅನ್ನುತ್ತಾರೆ. ನೋಡಬೇಕಿತ್ತು. ಆರತಿ ಪತ್ರಿಕೆಯನ್ನು ಕಪ್ಪಕ್ಷರದಲ್ಲಿ ಟೈಪು ಮಾಡಿ ಪ್ರಿಂಟ್ ಕೊಟ್ಟರೆ, ಹಳದಿ ಮುಗಿದಿದೆ, ಹಾಕುವವರೆಗೆ ಏನನ್ನೂ ಮುದ್ರಿಸುವುದಿಲ್ಲ ಎಂದು ಅದು ಹಟ ಹಿಡಿಯಿತು.

"ನಾವು ಕೇಳಿದ್ದು ಕಪ್ಪು ತಾನೆ?" ಅಂದರು ಸರಸಮ್ಮ.

"ಹೌದು ಅತ್ತೆ. ಆದ್ರೆ ಹಳದಿ ಇಲ್ದೆ ಕಪ್ಪೂ ಕೊಡಲ್ಲವಂತೆ."

"ಉಪ್ಪಿಲ್ಲ ಅಂತ ಪಾಯಸ ಮಾಡಲ್ಲ ಅನ್ನೋ ಅಡುಗೆಭಟ್ಟ ಇದು. ಡಬ್ಬಿ ತುಂಬ ಅರಿಶಿನ ಇಟ್ಕೊಂಡಿರೋ ಮನೇಲಿ ಹಳದಿ ಇಲ್ಲವಂತೆ."

ಕೇದಾರ ಹಾಸನದಲ್ಲಿ ಪ್ರಿಂಟರಿನ ಡಬ್ಬಿಗಳಿಗೆಲ್ಲ ಅಗ್ಗದ ಇಂಕು ತುಂಬಿಸಿಕೊಂಡು ಬಂದ. ಇದು ನಮ್ಮ ಕಂಪನಿಯದಲ್ಲ ಎಂದು ಪ್ರಿಂಟರ್ ಮತ್ತೆ ತಗಾದೆ ತೆಗೆಯಿತು. ಅದು ಕೇಳಿದ ಪ್ರಶ್ನೆಗಳಿಗೆಲ್ಲ ಆರತಿ ಹೂಂ ಎಂದು ಒತ್ತುತ್ತ ಹೋದ ಮೇಲೆ, ಗೊಣಗುಟ್ಟುತ್ತ ಎರಡು ಹಾಳೆ ಹೊರಗೆ ಬಿಟ್ಟಿತು. ಅಕ್ಷರ ಮಾತ್ರ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಲಾಗದು. ಹಳೇಕೋಟೆಯ ಪುಟ್ಟರಾಜುವಿನ ಮಗಳು ಮೇಘಶ್ರೀಯ ಲಗ್ನಪತ್ರಿಕೆ ಅದು. ಜೋಯಿಸರು ಕನ್ನಡಕ ಏರಿಸಿ ಎರಡು ಸಲ ಓದಿದರು. ಎಲ್ಲೂ ತಡವರಿಸಲಿಲ್ಲ. ಅವರ ಮುಖದಲ್ಲಿ ಬಹಳ ದಿನದ ಮೇಲೆ ಗೆಲುವು ಕಂಡು ಸರಸಮ್ಮ ಅವತ್ತು ಲೋಟದ ತುಂಬ ಕಾಫಿ ಕೊಟ್ಟುಬಿಟ್ಟರು. ಪಂಚೆಗೆ ಸ್ವಲ್ಪ ಚೆಲ್ಲಿತು.

ಹಳೇಕೋಟೆಯ ಪುಟ್ಟರಾಜುವಿನ ನಡುಮನೆಯಲ್ಲಿ ಜಮಖಾನ ಹಾಸಿತ್ತು. ಗಂಡು ಸುದರ್ಶನನ ಕಡೆಯವರು ದಂಡಿಗನಹಳ್ಳಿಯಿಂದ ಬಂದು ಒಂದು ಪಕ್ಕ ಕೂತಿದ್ದರು. ಅವರೆಲ್ಲರ ಮುಂದೆ, ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದವರು ಸುದರ್ಶನನ ಅಜ್ಜಿ ಕಾಮಾಕ್ಷಮ್ಮ. ಆ ಮನೆಯಲ್ಲಿ ಅವರ ಮಾತು ಎಂದರೆ ಮಾತು. ಅವರ ಗಂಡುಮಕ್ಕಳು ಕೆಮ್ಮಬೇಕಾದರೂ ಅಮ್ಮನ ಮುಖ ನೋಡುತ್ತಿದ್ದರು.

ಜೋಯಿಸರು ಬಟ್ಟಲಿನ ಅರಿಶಿನಕ್ಕೆ ಬೆರಳದ್ದಿ ಮೂಲೆಗಳಿಗೆ ಹಚ್ಚತೊಡಗಿದರು. ಕೈ ನಡುಗಿತು. ಒಂದು ಹನಿ ಹಾಳೆಯ ನಡುವೆ, ಮೇಘಶ್ರೀಯ ಹೆಸರಿನ ಮೇಲೆ ಬಿತ್ತು. ಹಿಂದೆಯೂ ಹಾಗೆ ಬಿದ್ದಿದ್ದುಂಟು. ಬಾಲ್‌ಪೆನ್ನಿನ ಅಕ್ಷರ ಅದಕ್ಕೆಲ್ಲ ಜಗ್ಗುವಂಥದ್ದಲ್ಲ, ಒರೆಸಿದರೆ ಮುಗಿಯಿತು. ಆ ಅಭ್ಯಾಸದಲ್ಲೇ ಜೋಯಿಸರು ಒರೆಸಿದರು. ಹೆಸರಿಗೆ ಹೆಸರೇ ಕದಡಿ, ನೀಲಿಗಪ್ಪು ನೀರಾಗಿ, ಮುಹೂರ್ತದ ಸಾಲಿನವರೆಗೆ ಇಳಿದು ಹೋಯಿತು. ಮೂಲೆಗಳಲ್ಲೂ ಹಿರಿಯರ ಹೆಸರುಗಳು ಒಂದೊಂದಾಗಿ ಊದಿಕೊಳ್ಳುತ್ತಿದ್ದವು. ಅರಿಶಿನ ಹಚ್ಚಿದರೆ ಇನ್ನೊಂದು ಪ್ರತಿಗೂ ಅದೇ ಗತಿ.

ದಂಡಿಗನಹಳ್ಳಿಯವರು ಕತ್ತು ಚಾಚಿ ಹಾಳೆ ನೋಡಿದರು.

"ಏನ್ ಜೋಯಿಸ್ರೆ," ಅಂದರು ಕಾಮಾಕ್ಷಮ್ಮ, "ಮದ್ವೆ ಎಣ್ಣಿನ ಎಸ್ರು ಕಣ್ಣೀರಾಕ್ದಂಗೆ ಅರೀತಾ ಅದಲ್ಲ."

ಪುಟ್ಟರಾಜು ಕಕ್ಕಾಬಿಕ್ಕಿಯಾದ. ಬಾಗಿಲ ಮರೆಯಲ್ಲಿ ನಿಂತಿದ್ದ ಮೇಘಶ್ರೀ ಒಳಗೆ ಸರಿದಳು. "ಅದುಕ್ಯಾಕ್ ಬುಡಿ ಅಮ್ಮ. ಇಲ್ಲೇ ಯಾರ್ ಕೈಲಾದ್ರೂ ಇನ್ನೊಂದ್ ಬರುಸ್ಬುಡ್ತೀನಿ" ಅಂದ ಪುಟ್ಟರಾಜು.

"ಯಾರ್ಯಾರೋ ಬರೆಯಾಕೆ ಇದೇನ್ ರೇಸನ್ ಕಾರ್ಡಿನ ಅರ್ಜಿಯಾ? ನನ್ ಲಗ್ನಪತ್ರಿಕೆ ಇವರಪ್ಪಾರು ಬರೆದಿದ್ದು. ಇವತ್ತಿಗೂ ಪೆಟ್ಗೇಲಿ ಅದೆ, ಒಂದಕ್ಸರ ಅಳಿಸಿಲ್ಲ. ಮೊಮ್ಮಗನ್ದೂ ಅಂಗೇ ಇರ್ಬೇಕು."

ಜೋಯಿಸರು ಜೇಬಿನಿಂದ ಪೆನ್ನು ತೆಗೆದು ಹೊಸ ಹಾಳೆ ಕೇಳಿದರು. ಶ್ರೀಕಾರ ಹಾಕಲು ಹೋದರೆ ಪೆನ್ನಿನ ತುದಿ ಹಾಳೆಯ ಮೇಲೆ ತನ್ನಿಷ್ಟದಂತೆ ಕುಣಿಯಿತು. ಎಡಗೈ ಆನಿಸಿದರು, ಆಗಲಿಲ್ಲ. ಅಷ್ಟು ಜನರ ಕಣ್ಣು ಆ ಒಂದು ಕೈಯ ಮೇಲಿತ್ತು. ಪೆನ್ನು ಕೆಳಗಿಟ್ಟುಬಿಟ್ಟರು.

ಕಾಮಾಕ್ಷಮ್ಮ ಬಹಳ ಹೊತ್ತು ಅವರ ಕೈಯನ್ನೇ ನೋಡಿದರು. ಆಮೇಲೆ ತಾಂಬೂಲದ ತಟ್ಟೆಯ ಮೇಲೆ ವಸ್ತ್ರ ಮುಚ್ಚಿ ಎದ್ದರು. "ಬರೋ ಸುಕ್ರವಾರ ನಮ್ಮನೆಗೆ ತಕ್ಕಬನ್ನಿ ಜೋಯಿಸ್ರೆ. ಪುಟ್ರಾಜಪ್ಪ, ನೀವೂ ಬನ್ನಿ. ಅಲ್ಲೀಗಂಟ ತಾಂಬೂಲ ಬದಲಾಯ್ಸಾದು ಬ್ಯಾಡ."

ಅಂದರೆ ಮಾತು ಇನ್ನೂ ಗಟ್ಟಿಯಾಗಿಲ್ಲ ಎಂದರ್ಥ. ಒಂದು ಹೆಣ್ಣುಮಗುವಿನ ಮದುವೆ ತನ್ನ ಕೈಯಿಂದ ತೂಗುಯ್ಯಾಲೆಯಾಯಿತಲ್ಲ ಎಂದು ಜೋಯಿಸರು ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು. ಮನೆಗೆ ಬಂದು ಅವರು ಹೇಳಿದ್ದಿಷ್ಟೇ: "ಚನ್ನರಾಯಪಟ್ಟಣದ ಪುರೋಹಿತರಿಗೆ ಹೇಳಿ ಕಳಿಸ್ತೀನಿ. ಶುಕ್ರವಾರ ಅವರೇ ಹೋಗಿ ಬರ್ಕೊಡ್ಲಿ. ನನಗೆ ಇದು ಮುಗೀತು."

ಸರಸಮ್ಮ ಕದಡಿದ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದರು. ಅಡುಗೆಮನೆಗೆ ಹೋಗಿ ಚಮಚದಲ್ಲಿ ಅರಿಶಿನ ಕಲಸಿಕೊಂಡು ಬಂದರು. ಮನೆಯಲ್ಲಿದ್ದ ಅಚ್ಚಾದ ಕಾಗದಗಳನ್ನೆಲ್ಲ ಒಂದೊಂದಾಗಿ ನೆಲದ ಮೇಲೆ ಹರಡಿದರು: ಕರೆಂಟ್ ಬಿಲ್ಲು, ಯಾರದೋ ಗೃಹಪ್ರವೇಶದ ಆಹ್ವಾನ, ಕೇದಾರನ ಕಚೇರಿಯ ಸುತ್ತೋಲೆ. ಎಲ್ಲದಕ್ಕೂ ಬೊಟ್ಟಿಟ್ಟು ಉಜ್ಜಿದರು. ಸಂಜೆ ಬಂದ ಕೇದಾರ ತನ್ನ ಸುತ್ತೋಲೆಗೆ ಅರಿಶಿನ ಬಳಿದಿರುವುದು ಕಂಡು, "ಅಮ್ಮಾ, ಇದೇನಿದು, ನಾಳೆ ವಾಪಸ್ ಕೊಡ್ಬೇಕು" ಎಂದು ಗೋಳಾಡಿದ.

"ಇದು ಯಾವುದರಲ್ಲಿ ಮಾಡಿದ್ದೋ? ಒಂದು ಚುಕ್ಕೆನೂ ಅಲ್ಲಾಡಿಲ್ಲ."

"ಅದು ಲೇಸರ್. ಒಳಗೆ ಪುಡಿ ಇರುತ್ತೆ, ಬಿಸಿ ಮಾಡಿ ಅಂಟಿಸುತ್ತೆ."

"ನೋಡಿದ್ರಾ?" ಅಂತ ಸರಸಮ್ಮ ಗಂಡನ ಕಡೆ ತಿರುಗಿದರು. "ಎಲ್ಲ ಯಂತ್ರವೂ ಅಳುಮುಂಜಿ ಅಲ್ಲ. ನಮಗೆ ಸಿಕ್ಕಿದ್ದು ಅಂಥದ್ದು. ನಾಳೆ ಹಾಸನಕ್ಕೆ ಹೋಗೋಣ. ನೀವೂ ಬನ್ನಿ."

"ನಾನು ಬಂದು ಏನು ಮಾಡ್ಲಿ?"

"ಆರಿಸೋಕೆ. ಕೆಲಸ ನಿಮ್ಮದು ತಾನೆ?"

ಮುಗಿಯಿತೆಂದವರು ಮತ್ತೆ ಮುಗಿಯಿತೆನ್ನಲಿಲ್ಲ. ಬೆಳಿಗ್ಗೆ ಹೆಂಡತಿಗಿಂತ ಮೊದಲೇ ಪಂಚೆಯುಟ್ಟು ನಿಂತಿದ್ದರು.

ಹಾಸನದ ಬಿ.ಎಂ. ರಸ್ತೆಯಲ್ಲಿದ್ದ ಆ ಕಂಪ್ಯೂಟರ್ ಅಂಗಡಿಯ ಮಾಲೀಕ ವಿಶ್ವಾಸ್ ಮಾತಿನಲ್ಲಿ ಜೇನು ಸುರಿಸುವವನು. ಗಿರಾಕಿಗಳನ್ನು ಕೂರಿಸಿ, ದೊಡ್ಡದೊಂದು ಯಂತ್ರದ ಮೇಲಿನ ಧೂಳು ಹೊಡೆದು, "ಇದು ನೋಡಿ ಸಾರ್, ಫೋಟೋ ಬರುತ್ತೆ, ಜೆರಾಕ್ಸ್ ಮಾಡುತ್ತೆ, ಸ್ಕ್ಯಾನ್ ಮಾಡುತ್ತೆ" ಎಂದು ಶುರು ಮಾಡಿದ.

"ಹಳದಿ ಮುಗಿದರೆ ಕಪ್ಪು ಕೊಡುತ್ತಾ?" ಅಂದರು ಸರಸಮ್ಮ.

ವಿಶ್ವಾಸನ ಜೇನು ಸ್ವಲ್ಪ ಗಟ್ಟಿಯಾಯಿತು. "ಕಲರ್ ಖಾಲಿ ಆಗೋಕೆ ಬಿಡ್ಬಾರ್ದು ಆಂಟಿ."

"ಆಷಾಢದಲ್ಲಿ ಲಗ್ನ ಇರಲ್ಲ, ತಿಂಗಳಿಡೀ ಸುಮ್ಮನೆ ಕೂತಿರುತ್ತೆ. ಶ್ರಾವಣಕ್ಕೆ ಕರೆದರೆ ಏಳುತ್ತಾ?"

"ಇಂಕಿನ ಮಾಡೆಲ್ ಆದ್ರೆ ಒಣಗುತ್ತೆ. ವಾರಕ್ಕೊಂದಾದ್ರೂ ಪ್ರಿಂಟ್ ತೆಗೀತಿರ್ಬೇಕು."

"ಆಷಾಢದಲ್ಲಿ ಏನು ತೆಗೆಯೋದಪ್ಪ, ನನ್ನ ತಲೆ?"

ಸ್ಟೂಲಿನ ಮೇಲೆ ಕೂತಿದ್ದ ಜೋಯಿಸರು ನೆಲ ನೋಡುತ್ತಿದ್ದರು. ಈ ಹೆಂಗಸು ಎಲ್ಲಿಗೆ ಹೋದರೂ ಸೊಪ್ಪಿನ ಕಟ್ಟು ಬಿಚ್ಚಿ ನೋಡಿದ ಹಾಗೆಯೇ ವ್ಯಾಪಾರ ಮಾಡುವವಳು. ಅಷ್ಟರಲ್ಲಿ ಅವರು ಹೆದರಿದ್ದು ಆಗಿಯೇ ಹೋಯಿತು. ಸರಸಮ್ಮ ಕೈಚೀಲದಿಂದ ಮುಚ್ಚಳ ಬಿಗಿದ ಒಂದು ಸಣ್ಣ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟರು. ಮನೆಯಿಂದಲೇ ಕಲಸಿ ತಂದ ಅರಿಶಿನ.

"ಇವುಗಳಲ್ಲಿ ಒಂದೊಂದು ಹಾಳೆ ತೆಗೆದುಕೊಡಪ್ಪ."

ವಿಶ್ವಾಸ್ ಮೊದಲು ನಕ್ಕ, ಆಮೇಲೆ ಅವನಿಗೂ ಕುತೂಹಲ ಹತ್ತಿತು. ದೊಡ್ಡ ಯಂತ್ರದ ಹಾಳೆ ಅರಿಶಿನ ತಾಕುತ್ತಲೇ ಕದಡಿತು. ಕಟಕಟ ಸದ್ದು ಮಾಡುವ ಡಾಟ್ ಮ್ಯಾಟ್ರಿಕ್ಸಿನ ಅಕ್ಷರ ಅಷ್ಟಾಗಿ ಅಲುಗಲಿಲ್ಲ, ಆದರೆ ಅಂಚಿಗೆಲ್ಲ ತೂತಿದ್ದ ಹಾಳೆ ನೋಡಿ ಸರಸಮ್ಮ, "ಇದೇನು, ಲಗ್ನಪತ್ರಿಕೇನೋ ಲಾರಿಯ ಬಿಲ್ಲೋ?" ಎಂದು ಪಕ್ಕಕ್ಕಿಟ್ಟರು. ಕೊನೆಗೆ ಮೂಲೆಯಲ್ಲಿದ್ದ, ಕಂದುಬಣ್ಣಕ್ಕೆ ತಿರುಗಿದ ಒಂದು ಸಣ್ಣ ಪೆಟ್ಟಿಗೆಯ ಕಡೆ ಕೈ ತೋರಿಸಿದರು.

"ಅದು ಹಳೇ ಮಾಡೆಲ್ ಲೇಸರ್ ಆಂಟಿ. ಕಪ್ಪು ಬಿಟ್ರೆ ಏನೂ ಬರಲ್ಲ. ಒಂದೇ ಗುಂಡಿ."

"ಹಳದಿ ನಾವೇ ಹಚ್ಕೊಳ್ತೀವಿ. ತೆಗೆದುಕೊಡು."

ಸಣ್ಣ ಪೆಟ್ಟಿಗೆ ಒಂದು ನಿಟ್ಟುಸಿರು ಬಿಟ್ಟು ಬೆಚ್ಚಗಿನ ಹಾಳೆಯೊಂದನ್ನು ಹೊರಗೆ ಹಾಕಿತು. ಸರಸಮ್ಮ ಡಬ್ಬಿಗೆ ಬೆರಳದ್ದಲು ಹೋದವರು ನಿಲ್ಲಿಸಿ, ಡಬ್ಬಿಯನ್ನು ಗಂಡನ ಕಡೆ ಸರಿಸಿದರು. ಅಂಗಡಿಯವನೆದುರು ಕೈ ಚಾಚಬೇಕೇ ಎಂದು ಜೋಯಿಸರು ಒಂದು ಕ್ಷಣ ಅನುಮಾನಿಸಿದರು. ಆಮೇಲೆ, ಎಡಗೈಯ ಆಸರೆಯಿಲ್ಲದೆ, ಬೆರಳದ್ದಿದರು. ಕೈ ನಡುಗಿತು. ಹನಿ ಹಾಳೆಯ ನಟ್ಟನಡುವೆ ಬಿತ್ತು. ಅವರು ಕಾದು ನೋಡಿದರು, ಒರೆಸಿದರು, ಹೆಬ್ಬೆರಳಿನಿಂದ ಉಜ್ಜಿದರು. ಹಳದಿಯ ಕೆಳಗೆ ಅಕ್ಷರ ಇದ್ದ ಹಾಗೇ ಇತ್ತು.

"ಪುಡಿ ಮುಗಿದರೆ?" ಎಂದು ಈಗ ಕೇಳಿದವರು ಜೋಯಿಸರು.

"ತುಂಬಿಸ್ಕೋಬೋದು ಸಾರ್. ಈ ಮಾಡೆಲ್ಲು ಯಾರ ಪುಡಿ ಅಂತ ಕೇಳಲ್ಲ. ಈಗ ಬರ್ತಿರೋ ಕೆಲವು ಕೇಳ್ತವೆ."

"ಕೇಳದೇ ಇರೋದನ್ನೇ ಕೊಡು. ಇದೇ ಇರಲಿ" ಅಂದರು ಜೋಯಿಸರು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮೇಲಿಡಲು ಕಂಡಕ್ಟರ್ ಹೇಳಿದರೂ ಬಿಡದೆ, ಹೊಳೆನರಸೀಪುರದವರೆಗೆ ತೊಡೆಯ ಮೇಲಿಟ್ಟುಕೊಂಡೇ ಬಂದರು.

ಗುರುವಾರ ಆರತಿ ಪ್ರಿಂಟ್ ಕೊಟ್ಟಳು. ಹೊಸ ಯಂತ್ರ ಒಂದು ಪ್ರಶ್ನೆಯನ್ನೂ ಕೇಳದೆ ಎರಡು ಪ್ರತಿ ಕೊಟ್ಟಿತು. ಜೋಯಿಸರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಸಾಲು ನೇರವಾಗಿತ್ತು, ಅಕ್ಷರ ಗಟ್ಟಿಯಾಗಿತ್ತು, ಆದರೆ ಅದರಲ್ಲಿ ತಾನೆಲ್ಲಿದ್ದೇನೆ ಎಂದು ಹುಡುಕಿದರೆ ಕಾಣಲಿಲ್ಲ. ಅಪ್ಪ ಕೈ ಹಿಡಿದು ತಿದ್ದಿಸಿದ ಶ್ರೀಕಾರದ ಬಾಲ ಒಂದು ಥರ ಮೇಲಕ್ಕೆ ತಿರುಗುತ್ತಿತ್ತು. ಇಲ್ಲಿ ಅದು ಎಲ್ಲರ ಶ್ರೀಕಾರದ ಹಾಗೆ ಇತ್ತು. ದುಃಖವಾಯಿತು. ಸರಸಮ್ಮನಿಗೂ ಅದು ಗೊತ್ತಾಯಿತು. "ನಾಳೆ ಬೇಗ ಹೊರಡಬೇಕು, ಮಲಕ್ಕೊಳ್ಳಿ" ಅಂದರು.

ಶುಕ್ರವಾರ ದಂಡಿಗನಹಳ್ಳಿಯ ಮನೆಯಲ್ಲಿ ಪುಟ್ಟರಾಜು ಮೊದಲೇ ಬಂದು ಕೂತಿದ್ದ. ಅವನ ಮುಖ ಬಾಡಿತ್ತು. ತಾಂಬೂಲದ ತಟ್ಟೆ ಸಿದ್ಧವಾಗಿತ್ತು, ವಸ್ತ್ರ ಮುಚ್ಚಿಯೇ ಇತ್ತು. ಜೋಯಿಸರು ಹಾಳೆ ತೆಗೆದು ಮಣೆಯ ಮೇಲಿಟ್ಟರು. ಅವರು ಅರಿಶಿನದ ಬಟ್ಟಲಿಗೆ ಕೈ ಹಾಕುವ ಮುನ್ನವೇ ಕಾಮಾಕ್ಷಮ್ಮ ತಮ್ಮ ಹೆಬ್ಬೆರಳದ್ದಿ, ಮೇಘಶ್ರೀ ಎಂಬ ಹೆಸರಿನ ಮೇಲೆ ಒತ್ತಿ ಉಜ್ಜಿದರು. ಮುದುಕಿ ಬೆರಳೆತ್ತಿ ನೋಡಿದರು. ಸುದರ್ಶನನ ಹೆಸರಿನ ಮೇಲೂ ಉಜ್ಜಿ ನೋಡಿದರು.

"ನಿಂತದೆ" ಅಂದರು. "ಇದೂ ಮಿಸನ್ನಿಂದೇನಾ?"

"ಹೌದು ತಾಯಿ. ಬೇರೆ ಮಿಷನ್ನು. ನನ್ನ ಕೈಲಿ ಇನ್ನು ಬರೆಯೋಕಾಗಲ್ಲ." ಯಾರೆದುರೂ ಆಡದ ಮಾತನ್ನು ಜೋಯಿಸರು ಅವತ್ತು ಅಷ್ಟು ಜನರೆದುರು ಆಡಿದರು. ಆಡಿದ ಮೇಲೆ ಎದೆ ಹಗುರಾಯಿತು.

"ಅದು ಅವತ್ತೇ ಕಂಡೆ. ಅದುಕ್ಕೇ ತಟ್ಟೆ ಮುಚ್ದೆ. ಅಷ್ಟು ಜನದ ಮುಂದೆ ನಿಮ್ಮನ್ನ ಮತ್ತೆ ಬರಿಯಿರಿ ಅನ್ನಾಕೆ ನಂಗ್ ಮನಸ್ ಬರ್ನಿಲ್ಲ. ಓದಿ."

ತಟ್ಟೆ ಮುಚ್ಚಿದ್ದು ತನ್ನ ಮೇಲಿನ ಸಿಟ್ಟಿಗೆ ಎಂದು ನಾಲ್ಕಾರು ದಿನ ಕೊರಗಿದ್ದ ಜೋಯಿಸರು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಮೂಲೆಗಳಿಗೆ ಅರಿಶಿನ ಹಚ್ಚಿ, ಹಾಳೆಯನ್ನು ಎತ್ತಿಕೊಂಡು ಓದತೊಡಗಿದರು. ದನಿ ಚೆನ್ನಾಗಿಯೇ ಇತ್ತು, ಹಾಳೆ ಮಾತ್ರ ಕೈಯಲ್ಲಿ ಪಟಪಟನೆ ಸದ್ದು ಮಾಡಿತು. ಸಾಲು ಕಣ್ಣಿಗೆ ನಿಲ್ಲದಾಯಿತು. ಅರಕಲಗೂಡು ನೆನಪಾಗಿ ಅವರು ತಡೆದರು. ಈಗ ಯಾರಾದರೂ ಕೊಡಿ ಇಲ್ಲಿ ಅನ್ನುತ್ತಾರೆ ಎಂದು ಕಾದರು.

ಯಾರೂ ಅನ್ನಲಿಲ್ಲ. ಕಾಮಾಕ್ಷಮ್ಮ ಕೂತಲ್ಲಿಂದಲೇ ಮುಂದಕ್ಕೆ ಜರುಗಿ, ಅರಿಶಿನದ ಕೈಯಲ್ಲೇ ಹಾಳೆಯ ಇನ್ನೊಂದು ಅಂಚು ಹಿಡಿದರು. ಕಸಿದುಕೊಳ್ಳಲಿಲ್ಲ, ಸುಮ್ಮನೆ ಹಿಡಿದುಕೊಂಡರು. ಸದ್ದು ನಿಂತಿತು. ಜೋಯಿಸರು ಕೊನೆಯ ಸಾಲಿನವರೆಗೂ ಎಲ್ಲೂ ನಿಲ್ಲದೆ ಓದಿದರು. ಆಮೇಲೆ ಕಾಮಾಕ್ಷಮ್ಮ ತಟ್ಟೆಯ ವಸ್ತ್ರ ತೆಗೆದರು, ತಾಂಬೂಲ ಬದಲಾಯಿತು, ಪುಟ್ಟರಾಜು ಹೆಗಲ ಟವಲಿನಿಂದ ಮುಖ ಒರೆಸಿಕೊಂಡ.

ಹೊರಡುವಾಗ ಜೋಯಿಸರು ಚಪ್ಪಲಿ ಮೆಟ್ಟುತ್ತಿದ್ದರೆ ಕಾಮಾಕ್ಷಮ್ಮ ಬಾಗಿಲಿಗೆ ಬಂದರು. "ನಮ್ ಸುದರ್ಸನಂಗೆ ಮಗ ಉಟ್ಟಿದ್ರೆ ಜಾತ್ಕನೂ ನೀವೇ ಬರೀಬೇಕು ಜೋಯಿಸ್ರೆ."

ಅವರು ಬರೀಬೇಕು ಅಂದರು. ಪ್ರಿಂಟು ತೆಗೀಬೇಕು ಅನ್ನಲಿಲ್ಲ.

"ಬರೀತೀನಿ ತಾಯಿ" ಅಂದರು ಯೋಗಾನರಸಿಂಹ ಜೋಯಿಸರು.